ತಟ್ಟದ ಬಾಗಿಲು

ನಮ್ಮ ಹಿತ್ತಲಲ್ಲಿ ನಮ್ಮದೇ ಹೇಲು ನಿಂತಿರುತ್ತದೆ. ಓದುವವರಿಗೆ ಅಸಹ್ಯವಾದರೆ ಆಗಲಿ. ನಾವು ಅದರ ವಾಸನೆಯಲ್ಲೇ ಉಣ್ಣುತ್ತೇವೆ, ಅದರ ವಾಸನೆಯಲ್ಲೇ ಮಲಗುತ್ತೇವೆ.

ಅಲಬಾಮಾದ ಈ ಮೂಲೆಯಲ್ಲಿ ನಮ್ಮ ಬೂಕರ್ ಓಣಿಯಿದೆ. ಮೂವತ್ತೆಂಟು ಮನೆ. ಮೂವತ್ತೆಂಟೂ ಕರಿಯರವು. ಇಲ್ಲಿಯ ಜೇಡಿಮಣ್ಣು ನೀರು ಕುಡಿಯುವುದಿಲ್ಲ. ಗುಂಡಿ ತೋಡಿದರೂ ಅಷ್ಟೆ, ತೊಟ್ಟಿ ಹೂತರೂ ಅಷ್ಟೆ. ಕಕ್ಕಸಿನಿಂದ ಹೊರಟ ಕೊಳವೆ ಹಿತ್ತಲ ಹುಲ್ಲಿನಲ್ಲಿ ಬಾಯಿ ತೆರೆದುಕೊಂಡು ಬಿದ್ದಿರುತ್ತದೆ. ಮಳೆ ಜೋರಾದರೆ ಹೊರಗೆ ಹೋದದ್ದೆಲ್ಲ ಹಿಂದಕ್ಕೆ ಬಂದು ಸ್ನಾನದ ತೊಟ್ಟಿಯಲ್ಲಿ ಉಕ್ಕುತ್ತದೆ. ಅರ್ಧ ಮೈಲಿಯಾಚೆ ಹೆರಿಟೇಜ್ ಓಕ್ಸ್ ಎಂಬ ಹೊಸ ಬಡಾವಣೆಯಿದೆ. ಊರಿನ ಒಳಚರಂಡಿ ಅಲ್ಲಿಯವರೆಗೆ ಬಂದು ನಿಂತಿದೆ. ಆ ಅರ್ಧ ಮೈಲಿಗಾಗಿ ನನ್ನ ಅವ್ವ ಹದಿನೈದು ವರ್ಷದಿಂದ ಅರ್ಜಿ ಬರೆಯುತ್ತಿದ್ದಾಳೆ.

ಅವ್ವನ ಹೆಸರು ಲೊರೀನ್. ಎಪ್ಪತ್ತೊಂಬತ್ತು ವರ್ಷ. ನಾಲ್ಕು ಕಾಲಿನ ಊರುಗೋಲು ಹಿಡಿದು ನಡೆಯುತ್ತಾಳೆ. ಎಡಗಾಲಿನ ಮೀನಖಂಡದ ಮೇಲೆ ಅಂಗೈಯಗಲ ಹುಣ್ಣು. ಎರಡು ವರ್ಷವಾಯಿತು, ಮಾಯುತ್ತಿಲ್ಲ. ಕೊಳಕು ನೀರಿಗೆ ಕಾಲಿಡಬೇಡಿ ಎಂದರು ಡಾಕ್ಟರು.

"ಹಾರ್ಕೊಂಡು ಹೋಗ್ಲಾ ಡಾಕ್ಟ್ರೇ?" ಎಂದಳು ಅವ್ವ.

ನಾನು ವರ್ಲೀನ್. ಐವತ್ತೆರಡು. ಕೋಳಿ ಕಾರ್ಖಾನೆಯಲ್ಲಿ ರೆಕ್ಕೆ ಕತ್ತರಿಸುವ ಸಾಲಿನಲ್ಲಿ ನಿಲ್ಲುತ್ತೇನೆ. ಕೊಕ್ಕೆಗೆ ತಲೆಕೆಳಗಾಗಿ ನೇತುಬಿದ್ದ ಕೋಳಿಗಳು ಬರುತ್ತಲೇ ಇರುತ್ತವೆ. ನಿಮಿಷಕ್ಕೆ ನಲವತ್ತು. ಮೂಗು ಒರೆಸಿಕೊಳ್ಳಲು ಪುರುಸೊತ್ತಿಲ್ಲ. ಇಪ್ಪತ್ತು ವರ್ಷದಲ್ಲಿ ಬಲ ಮಣಿಕಟ್ಟು ಸತ್ತೇಹೋಗಿದೆ. ಬೆಳಗ್ಗೆ ಎದ್ದರೆ ಬೆರಳು ಮಡಚುವುದಿಲ್ಲ, ಬಿಸಿನೀರಲ್ಲಿ ಅದ್ದಿ ಒಂದೊಂದಾಗಿ ಬಿಡಿಸಿಕೊಳ್ಳಬೇಕು. ಚುನಾವಣೆಯ ವರ್ಷ ಮಾತ್ರ ಮಧ್ಯಾಹ್ನ ಎರಡಕ್ಕೆ ಪಾಳಿ ಮುಗಿಸಿ, ಮೂರಕ್ಕೆ ಇನ್ನೊಂದು ಕೆಲಸಕ್ಕೆ ಹೋಗುತ್ತೇನೆ. ನಮ್ಮ ಪಕ್ಷಕ್ಕಾಗಿ ಬಾಗಿಲು ತಟ್ಟುವ ಕೆಲಸ.

ಈ ದೇಶದಲ್ಲಿ ಎರಡು ಪಕ್ಷಗಳಿವೆ. ಒಂದಕ್ಕೆ ನಾವು ಬೇಡ. ಅದು ಮುಚ್ಚುಮರೆಯಿಲ್ಲದೆ ಹಾಗೇ ನಡೆದುಕೊಳ್ಳುತ್ತದೆ. ಇನ್ನೊಂದು ನಮ್ಮದು. ನಮ್ಮದು ಎಂದು ಹುಟ್ಟಿದಾಗಿನಿಂದ ನಮಗೆ ಹೇಳಿಕೊಟ್ಟಿದ್ದಾರೆ. ನಾನು ಹೇಳಹೊರಟಿರುವುದು ನಮ್ಮದೆನ್ನುವ ಪಕ್ಷದ ಸುದ್ದಿ. "ನಿನ್ನಿಂದ ಎದುರು ಪಕ್ಷಕ್ಕೆ ಅನುಕೂಲವಾಯಿತು" ಎಂದು ಈಗಲೂ ಫೋನು ಮಾಡಿ ಬೈಯುವವರಿದ್ದಾರೆ. ಅವರೂ ಕೇಳಿಸಿಕೊಳ್ಳಲಿ.

ಜೂನ್ ತಿಂಗಳಲ್ಲಿ ಗ್ರೇಡಿ ಹಾಲ್ಕಂ ನಮ್ಮ ಮನೆಗೆ ಬಂದಿದ್ದ. ರಾಜ್ಯದ ಶಾಸನಸಭೆಗೆ ನಮ್ಮ ಪಕ್ಷದ ಹುರಿಯಾಳು. ಬಿಳಿಯ, ವಕೀಲ. ಹಿತ್ತಲಲ್ಲಿ ನಾವು ಹಾಕಿಕೊಂಡ ಹಲಗೆಯ ಮೇಲೆ ನಿಂತು ಮೂಗು ಮುಚ್ಚಿಕೊಳ್ಳದೆ ಎಲ್ಲವನ್ನೂ ನೋಡಿದ. ಮೂಗು ಮುಚ್ಚಿಕೊಳ್ಳಲಿಲ್ಲವಲ್ಲ ಎಂದೇ ನಾನು ಕರಗಿಬಿಟ್ಟೆ. ಅಷ್ಟು ಸಾಕು ನಮಗೆ. ಅವನು ಅವ್ವನ ಊರುಗೋಲಿನ ಮೇಲೆ ಕೈಯಿಟ್ಟ.

"ಮಿಸ್ ಲೊರೀನ್, ಗೆದ್ದು ಹೋದ ಮೊದಲ ವಾರವೇ ನಿಮ್ಮ ಓಣಿ ಕೊಳವೆ ಕೆಲಸಕ್ಕೆ ಕೈ ಹಾಕ್ತೀನಿ. ನಿಮಗೆ ಮಾತು ಕೊಟ್ಟಿದೀನಿ."

ಆ ಮಾತನ್ನು ಮೂವತ್ತೆಂಟು ಮನೆಗೂ ಹೊತ್ತವಳು ನಾನು. ಕಾರ್ಖಾನೆಯ ರಕ್ತ ತೊಳೆದುಕೊಂಡ ಮರುಗಳಿಗೆ ಹೊರಡುತ್ತಿದ್ದೆ. ಜನ ಹಾಲ್ಕಂನನ್ನು ನಂಬಲಿಲ್ಲ. ನನ್ನನ್ನು ನಂಬಿದರು. "ವರ್ಲೀನಮ್ಮ ಹೇಳಿದ್ಮೇಲೆ ಆಯ್ತು ಬಿಡಿ" ಎಂದರು.

ಸೆಪ್ಟೆಂಬರಿನಲ್ಲಿ ರಾಜಧಾನಿಯಿಂದ ಡೆವಿನ್ ಬಂದ. ಬಾಗಿಲು ತಟ್ಟುವವರ ಮೇಲಿನ ಅಧಿಕಾರಿ. ಮೂವತ್ತು ದಾಟಿಲ್ಲ. ನಮ್ಮ ಬಣ್ಣದವನೇ. ನೋಡಿ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಮುಚ್ಚಿಹೋದ ಚಪ್ಪಲಿ ಅಂಗಡಿಯಲ್ಲಿ ಕಚೇರಿ ತೆರೆದು ನಮಗೆಲ್ಲ ಒಂದೊಂದು ಫೋನು ಕೊಟ್ಟ. ಫೋನಿನಲ್ಲಿ ಊರಿನ ನಕ್ಷೆ. ಪ್ರತಿ ಮನೆಗೂ ಎರಡು ಅಂಕ. ನೂರಕ್ಕೆ ಎಷ್ಟು ಪಾಲು ನಮ್ಮ ಕಡೆಯವರು ಎಂಬುದು ಒಂದು. ಮತ ಹಾಕಲು ಬಂದೇ ಬರುತ್ತಾರೆಯೇ ಎಂಬುದು ಇನ್ನೊಂದು. ತಟ್ಟಬೇಕಾದ ಮನೆಗೆ ಹಸಿರು ಚುಕ್ಕೆ. ಉಳಿದದ್ದಕ್ಕೆ ಬೂದಿ ಬಣ್ಣ.

ನಮ್ಮ ಓಣಿ ಆ ತುದಿಯಿಂದ ಈ ತುದಿಯವರೆಗೆ ಬೂದಿ.

"ಇದೇನ್ ತಮ್ಮಾ, ನಮ್ಮೋಣಿ ಸತ್ತೋಗಿದ್ಯಾ?" ಎಂದು ಕೇಳಿದೆ.

"ಹಂಗಲ್ಲ ಸಿಸ್ಟರ್. ನೋಡಿ, ನಿಮ್ಮಮ್ಮಂದು ತೊಂಬತ್ತೆಂಟು, ತೊಂಬತ್ತಾರು. ಬಂದೇ ಬರ್ತಾರೆ, ನಮಗೇ ಹಾಕ್ತಾರೆ. ಅವರ ಬಾಗ್ಲು ತಟ್ಟೋದು ದಂಡ. ನಿಮ್ಮ ಪಕ್ಕದ್ಮನೆಯವಂದು ತೊಂಬತ್ತು, ಹನ್ನೆರಡು. ನಮ್ಮೋನೇ, ಆದ್ರೆ ಮನೆಯಿಂದ ಹೊರಗೆ ಬರಲ್ಲ. ಅವನ ಬಾಗ್ಲು ತಟ್ಟೋದೂ ದಂಡ."

"ಬರೋರ್ದೂ ತಟ್ಟಲ್ಲ, ಬರ್ದೆ ಇರೋರ್ದೂ ತಟ್ಟಲ್ಲ. ಇನ್ಯಾರ್ದು ತಟ್ತೀರಿ?"

"ಐವತ್ತರ ಆಚೀಚೆ ಇರೋರ್ದು. ಅತ್ಲಾಗೂ ಇತ್ಲಾಗೂ ವಾಲೋರು. ಹೆರಿಟೇಜ್ ಓಕ್ಸ್, ಅದರಾಚೆ ಎರಡು ಬಡಾವಣೆ. ಗೆಲ್ಲೋದು ಅಲ್ಲೇ."

"ಮತ್ತೆ ಬೂಕರ್ ಓಣಿ?"

ಅವನು ನಕ್ಕ. ಕೆಟ್ಟ ನಗುವೇನಲ್ಲ, ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ ನಗುತ್ತಾರಲ್ಲ, ಹಾಗೆ. "ಬೂಕರ್ ಓಣಿ ನಮ್ಮನ್ನ ಬಿಟ್ಟು ಎಲ್ಲಿಗೆ ಹೋಗುತ್ತೆ ಸಿಸ್ಟರ್?"

ಫೋನು ತೆಗೆದುಕೊಂಡು ಹೆರಿಟೇಜ್ ಓಕ್ಸ್‌ಗೆ ನಡೆದೆ.

ಇತ್ತ ಅವ್ವ ಪ್ರತಿ ಸಂಜೆ ತಯಾರಾಗಿ ಕೂರುತ್ತಿದ್ದಳು. ಇಪ್ಪತ್ತೆರಡರ ಹರೆಯದಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸಲು ನ್ಯಾಯಾಲಯದ ಮೆಟ್ಟಿಲ ಮೇಲೆ ಮೂರು ದಿನ ನಿಂತವಳು ಅವಳು. ಮೂರನೆಯ ದಿನ ಗುಮಾಸ್ತ ಅವಳ ಬೆರಳು ಸಂದಿನಲ್ಲಿದ್ದಂತೆಯೇ ಅರ್ಜಿಯ ಕಿಟಕಿ ಎಳೆದು ಮುಚ್ಚಿದ್ದ. ಆ ಉಗುರು ಇವತ್ತಿಗೂ ಸೊಟ್ಟ. ಕೊನೆಗೂ ಹೆಸರು ಸೇರಿತು, ಆಮೇಲಿಂದ ಒಂದು ಚುನಾವಣೆಯನ್ನೂ ಬಿಟ್ಟಿಲ್ಲ. ಚುನಾವಣೆಯ ತಿಂಗಳು ಬಂತೆಂದರೆ ಪಕ್ಷದವರು ಮನೆಗೆ ಬರುತ್ತಾರೆ, ಕೂರುತ್ತಾರೆ, ಸಿಹಿಗೆಣಸಿನ ಪೈ ತಿಂದು ಮಾತಾಡಿ ಹೋಗುತ್ತಾರೆ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿದೆ. ಹಿಂದೆಲ್ಲ ಬರುತ್ತಿದ್ದರು. ಹೂವಿನ ಉಡುಪು ತೊಟ್ಟು, ಹುಣ್ಣು ಕಾಣದಂತೆ ಉದ್ದ ಕಾಲುಚೀಲ ಏರಿಸಿಕೊಂಡು, ಜಗಲಿಯಲ್ಲಿ ಕತ್ತಲಾಗುವವರೆಗೆ ಕೂರುವಳು.

"ಇವತ್ತೂ ಯಾರೂ ಬರ್ಲಿಲ್ಲ ಕಣೇ."

"ನಾಳೆ ಬರ್ತಾರೇನೋ ಬಿಡವ್ವ."

"ನೀನು ಅವರ ಜೊತೇಲೇ ಇದ್ದೀಯಲ್ಲ, ಒಂದು ಮಾತು ಹೇಳು. ದಾರಿ ಮರ್ತಿರ್ಬೇಕು."

ಮೂವತ್ತೆಂಟು ಬಾಗಿಲು ತಟ್ಟಬೇಡಿ ಎಂದು ಬರೆದಿದ್ದ ಫೋನು ನನ್ನ ಜೇಬಿನಲ್ಲೇ ಇರುತ್ತಿತ್ತು. ನಾನು ಹೇಳಲಿಲ್ಲ. ಹೇಡಿ ನಾನು. ಈಗ ಒಪ್ಪಿಕೊಳ್ಳುತ್ತೇನೆ.

ಚುನಾವಣೆ ಮಂಗಳವಾರ. ಅದಕ್ಕೆ ಮೂರು ದಿನ ಮುಂಚೆ, ಶನಿವಾರ, ಬಾಗಿಲಲ್ಲಿ ಓದುವ ಚೀಟಿಯನ್ನು ಡೆವಿನ್ ಬದಲಾಯಿಸಿದ. ಹೊಸ ಚೀಟಿಯನ್ನು ಎಲ್ಲರ ಕೈಗಿಟ್ಟು, "ಒಂದಕ್ಷರ ಬಿಡದೆ ಓದ್ಬೇಕು, ಇದರಲ್ಲೇ ನಾವು ಗೆಲ್ಲೋದು" ಎಂದ. ಬೆಳಗಿನ ಪಾಳಿಯಲ್ಲಿ ಸಾವಿರಾರು ರೆಕ್ಕೆ ಕತ್ತರಿಸಿ ಬಂದಿದ್ದೆ. ಕಣ್ಣು ಮಂಜು. ನೋಡದೆ ಮಡಚಿಟ್ಟುಕೊಂಡೆ.

ಹೆರಿಟೇಜ್ ಓಕ್ಸ್‌ನ ಮೊದಲ ಮನೆ. ಐವತ್ತೊಂದು ಅಂಕ. ಬಿಳಿ ಹೆಂಗಸು, ನನ್ನ ವಯಸ್ಸಿನವಳೇ. ಬಾಗಿಲು ಅರ್ಧ ತೆಗೆದು ಮೊದಲು ನನ್ನ ಬೂಟು ನೋಡಿದಳು.

"ಚಾಪೆ ಮೇಲೆ ನಿಲ್ಬೇಡಿ. ಕೆಳಗೆ ನಿಂತೇ ಹೇಳಿ."

ಎರಡು ಮೆಟ್ಟಿಲು ಇಳಿದು ನಿಂತೆ. ಬೂಟಿಗೆ ನಮ್ಮ ಹಿತ್ತಲು ಮೆತ್ತಿತ್ತು. ಚೀಟಿ ಬಿಡಿಸಿ ಗಟ್ಟಿಯಾಗಿ ಓದತೊಡಗಿದೆ. ಶಾಲೆ, ರಸ್ತೆ, ಆಮೇಲೆ ಇದು: "ಗ್ರೇಡಿ ಹಾಲ್ಕಂ ನಿಮಗೆ ಮಾತು ಕೊಡುತ್ತಾರೆ. ಬೇರೆಯವರ ಒಳಚರಂಡಿಗಾಗಿ ನಿಮ್ಮ ತೆರಿಗೆ ಏರಲು ಅವರು ಎಂದಿಗೂ ಬಿಡುವುದಿಲ್ಲ."

ಓದಿ ಮುಗಿಸಿದ ಮೇಲೆ ಓದಿದ್ದು ಏನೆಂದು ನನಗೆ ಕೇಳಿಸಿತು.

ಆ ಹೆಂಗಸಿನ ಮುಖ ಅರಳಿತು. "ಸದ್ಯ, ಒಬ್ಬರಾದ್ರೂ ಬಾಯಿಬಿಟ್ಟು ಹೇಳಿದ್ರಲ್ಲ! ಆ ಓಣಿಯವರ ವಾಸನೆ ಗಾಳಿ ಬೀಸಿದ್ರೆ ಇಲ್ಲಿಗೆ ಬರುತ್ತೆ. ಅವರಿಗೆ ಹಂಗೇ ಇದ್ದು ಅಭ್ಯಾಸ. ನೀವು ಎಲ್ಲಿಯವರು?"

"ಇಲ್ಲೇ ಹತ್ರ" ಎಂದೆ.

"ನಿಮ್ಮವರಿಗೇ ಮತ ಹಾಕ್ತೀನಿ ಅಂತ ಬರ್ಕೊಳ್ಳಿ" ಎಂದು ಬಾಗಿಲು ಹಾಕಿಕೊಂಡಳು. ಹಾಕಿದ ಮೇಲೆ ಒಳಗೆ ಕಕ್ಕಸಿಗೆ ನೀರು ಹಾಯಿಸಿದ ಸದ್ದು. ಅವಳದು ಹೋಗುತ್ತದೆ. ಗುಂಡಿ ಒತ್ತಿದರೆ ಹೋಗುತ್ತದೆ, ಹಿಂದೆ ಬರುವುದಿಲ್ಲ. ನಾನು ಮೆಟ್ಟಿಲ ಕೆಳಗೆ ನಿಂತಿದ್ದೆ. ಅವಳ ಹೂಗಿಡದ ಬುಡಕ್ಕೆ ವಾಂತಿ ಮಾಡಿದೆ. ಬಾಯಿ ಒರೆಸಿಕೊಂಡು ಎರಡನೆಯ ಮನೆಗೆ ಹೋಗದೆ ಕಚೇರಿಗೆ ತಿರುಗಿದೆ.

ಡೆವಿನ್ ಗಣಕಯಂತ್ರದ ಮುಂದೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಚೀಟಿಯನ್ನು ಅವನ ತಟ್ಟೆಯ ಮೇಲೆ ಇಟ್ಟೆ.

"ಇದನ್ನ ಬರ್ದೋರು ಯಾರು?"

"ನಾನೇ. ಸಿಸ್ಟರ್, ಕೂತ್ಕೊಳ್ಳಿ. ಮೂರು ಸಲ ಜನರನ್ನ ಕೇಳಿ ನೋಡಿದ್ವಿ. ಒಳಚರಂಡಿ ಮಾತೆತ್ತಿದ ಕೂಡ್ಲೇ ಆ ಬಡಾವಣೆಗಳಲ್ಲಿ ನೂರಕ್ಕೆ ನಾಲ್ಕು ಮತ ಕೈತಪ್ಪುತ್ತೆ. ನಾಲ್ಕು ಹೋದ್ರೆ ಸೋತ್ವಿ."

"ನಮ್ಮವ್ವನ ಊರುಗೋಲು ಮುಟ್ಟಿ ಮಾತು ಕೊಟ್ಟಿದ್ದ."

"ಮೊದಲು ಗೆಲ್ಲೋಣ. ಗೆದ್ಮೇಲೆ ನಿಧಾನಕ್ಕೆ ಮಾಡ್ಬಹುದು."

"ಬರ್ದಿರೋದು ಎಂದಿಗೂ ಅಂತ."

ಅವನು ಸ್ಯಾಂಡ್‌ವಿಚ್ ಕೆಳಗಿಟ್ಟ. "ಎದುರು ಪಕ್ಷದೋನು ಗೆದ್ರೆ ಏನಾಗುತ್ತೆ ಗೊತ್ತಾ ನಿಮಗೆ? ಇರೋ ಒಂದು ಆಸ್ಪತ್ರೇನೂ ಮುಚ್ತಾನೆ. ಹಿತ್ತಲು ಗಲೀಜು ಮಾಡಿದೀರಿ ಅಂತ ನಿಮ್ಮ ಮೇಲೇ ಕೇಸು ಹಾಕಿಸ್ತಾನೆ. ಅದು ಬೇಕಾ? ನನಗೆ ಇದೆಲ್ಲ ಇಷ್ಟ ಅಂದ್ಕೊಂಡ್ರಾ? ನಮ್ಮಜ್ಜಿ ಮನೇಲೂ ಇಂಥದ್ದೇ ಕೊಳವೆ ಇತ್ತು."

"ಇದ್ದೂ ಬರೆದ್ಯಾ?"

ಅವನು ಹೇಳಿದ್ದು ಸುಳ್ಳೆಂದು ನಾನು ಹೇಳುವುದಿಲ್ಲ. ಎದುರಿನವನು ಕೇಸು ಹಾಕಿಸುವವನೇ. ಇವರು ನಮ್ಮನ್ನು ಹೆದರಿಸುವುದಕ್ಕೆ ಅವನೇ ಸಾಕು, ಇವರಿಗೆ ಬೇರೆ ಬಂಡವಾಳ ಬೇಕಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

"ನಾಳೆ ಮಿಸ್ಟರ್ ಹಾಲ್ಕಂ ನಿಮ್ಮ ಚರ್ಚಿಗೇ ಬರ್ತಾರೆ. ಮೂರು ನಿಮಿಷ ಮಾತಾಡ್ತಾರೆ. ದಯವಿಟ್ಟು ಗಲಾಟೆ ಬೇಡ" ಎಂದ.

"ಅಲ್ಲಿ ಏನ್ ಓದ್ತಾನೆ?"

"ಅಲ್ಲಿಗೆ ಬೇರೆ ಚೀಟಿ ಇದೆ" ಎಂದು ತಲೆತಗ್ಗಿಸಿದ.

ನಾನು ನನ್ನ ಚೀಟಿ ಎತ್ತಿಕೊಂಡು, ಫೋನು ಅವನ ತಟ್ಟೆಯಲ್ಲಿಟ್ಟು ಬಂದೆ.

ಮನೆಗೆ ಬಂದಾಗ ಅವ್ವ ಹೂವಿನ ಉಡುಪಿನಲ್ಲಿ ಜಗಲಿಯಲ್ಲೇ ಕೂತಿದ್ದಳು. ಅಂಕದಿಂದ ಚೀಟಿಯವರೆಗೆ ಎಲ್ಲ ಹೇಳಿದೆ. ಅವ್ವ ಕೊನೆಗೆ ಕೇಳಿದಳು:

"ನೀನೇ ಓದಿದ್ಯಾ? ನಿನ್ನ ಬಾಯಲ್ಲಿ?"

"ಒಂದು ಮನೇಲಿ, ಅವ್ವ."

ಅವಳು ಬಗ್ಗಿ ಕಾಲುಚೀಲ ಕೆಳಗೆ ಸರಿಸಿ ಹುಣ್ಣಿಗೆ ಗಾಳಿಯಾಡಲು ಬಿಟ್ಟಳು. ಎರಡು ತಿಂಗಳು ಸಂಜೆ ಹೊತ್ತು ಅದನ್ನು ಬಿಗಿದುಕೊಂಡೇ ಕೂತಿದ್ದಳು, ಬಾರದವರಿಗಾಗಿ.

"ನಾಳೆ ಚರ್ಚಲ್ಲಿ ನಿನ್ನ ಪಾಳಿ ಯಾವ ಬಾಗ್ಲಲ್ಲಿ?"

"ನಡುಬಾಗ್ಲು."

"ಕೈಗವಸು ಕೊಡು. ಇಸ್ತ್ರಿ ಮಾಡ್ತೀನಿ."

ಮೌಂಟ್ ಗಿಲಿಯಡ್ ಚರ್ಚಿನಲ್ಲಿ ನಾನು ಬಾಗಿಲು ಕಾಯುವವಳು. ಹೊರಗೆ ನಮ್ಮ ಬಾಗಿಲಿಗೆ ಬೆಲೆಯಿಲ್ಲ, ಇಲ್ಲಿ ಇದೆ. ಬಿಳಿ ಉಡುಪು, ಬಿಳಿ ಕೈಗವಸು. ಕೈಗವಸು ಹಾಕಿಕೊಂಡ ಮೇಲೆ ಮಾತಿಲ್ಲ, ಎಲ್ಲ ಸನ್ನೆಯಲ್ಲೇ. ಎಡಗೈ ಬೆನ್ನ ಹಿಂದೆ. ಬಲಗೈ ಚಾಚಿದರೆ ಆ ಸಾಲಿನಲ್ಲಿ ಕೂರಬೇಕು. ಅಂಗೈ ಎತ್ತಿ ತೋರಿಸಿದರೆ ನಿಲ್ಲಬೇಕು. ಪ್ರಾರ್ಥನೆ ನಡೆಯುವಾಗ, ಬೈಬಲಿನ ವಾಕ್ಯ ಓದುವಾಗ ಅಂಗೈ ಎತ್ತುತ್ತೇವೆ. ಎತ್ತಿದ ಅಂಗೈಯನ್ನು ದಾಟಿ ಹೋದವರನ್ನು ನಾನು ಕಂಡಿಲ್ಲ. ನಮ್ಮ ಹಿರಿಯಳು ಸಿಸ್ಟರ್ ಒಜೆಲ್ಲಾ, ಈಗ ಎಂಬತ್ತೊಂದು, ಒಮ್ಮೆ ತಡವಾಗಿ ಬಂದ ಮದುಮಗನನ್ನೇ ಹನ್ನೊಂದು ನಿಮಿಷ ಮಳೆಯಲ್ಲಿ ನಿಲ್ಲಿಸಿದ್ದಳು.

ಭಾನುವಾರ ಹನ್ನೊಂದೂವರೆಗೆ ಕಾರು ಬಂತು. ಆ ಬೆಳಗ್ಗೆ ಹಾಲ್ಕಂಗೆ ಅದು ಎರಡನೆಯ ಚರ್ಚು, ಇನ್ನೂ ಎರಡು ಬಾಕಿ. ಒಳಗೆ ಹಾಡು ಮುಗಿದಿತ್ತು. ಪ್ರಾರ್ಥನೆಯಿಲ್ಲ, ವಾಕ್ಯವಿಲ್ಲ. ಪಾಸ್ಟರ್ ಬ್ಯಾಸ್ಕಮ್ ಪೀಠದಿಂದ ಕೈ ಬೀಸಿ, "ನಮ್ಮ ಗೆಳೆಯರು ಬಂದ್ರು, ಬರಮಾಡಿಕೊಳ್ಳಿ" ಎಂದರು. ಜನ ಎದ್ದು ನಿಂತರು. ಹಾಲ್ಕಂ ನಗುತ್ತ ನಡುಹಾದಿಗೆ ಕಾಲಿಟ್ಟ, ಹಿಂದೆ ಡೆವಿನ್.

ನಾನು ಹಾದಿಗೆ ಅಡ್ಡ ನಿಂತು ಅಂಗೈ ಎತ್ತಿದೆ.

ಅವನಿಗೆ ಅರ್ಥವಾಗಲಿಲ್ಲ. ಕೈ ಕುಲುಕಲು ಎಂದುಕೊಂಡು ತನ್ನ ಕೈ ಚಾಚಿದ. ಜನಕ್ಕೆ ಅರ್ಥವಾಯಿತು. ಹೊತ್ತಲ್ಲದ ಹೊತ್ತಿನಲ್ಲಿ ಎತ್ತಿದ ಅಂಗೈ. ಬೀಸುತ್ತಿದ್ದ ರಟ್ಟಿನ ಬೀಸಣಿಗೆಗಳು ನಿಂತವು.

"ಸಿಸ್ಟರ್ ವರ್ಲೀನ್, ಅತಿಥಿಗಳನ್ನ ಒಳಗೆ ಬಿಡಿ" ಎಂದರು ಪಾಸ್ಟರ್.

ಬಿಡಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕೈಗವಸು ಹಾಕಿಕೊಂಡು ಬಾಯಿ ತೆರೆದೆ. ಎಡಗೈಯಲ್ಲಿದ್ದ ಚೀಟಿಯನ್ನು ಹಾಲ್ಕಂನ ಎದೆಗೆ ಹಿಡಿದೆ.

"ಇದನ್ನ ಓದಿ ಒಳಗೆ ಹೋಗಿ."

ಅವನು ನೋಡಿದ. ಕಿವಿ ಕೆಂಪಾಯಿತು. "ಇದು ಇಲ್ಲಿಗಲ್ಲ, ಮೇಡಂ."

"ಆ ಬಾಗ್ಲಲ್ಲಿ ನಿಮ್ಮ ಪರವಾಗಿ ನಾನು ಓದಿದೀನಿ. ಈ ಬಾಗ್ಲಲ್ಲಿ ನೀವು ಓದಿ. ಒಂದಕ್ಷರ ಬಿಡ್ಬಾರ್ದು."

ಡೆವಿನ್ ನನ್ನ ಕಿವಿಯ ಹತ್ತಿರ ಬಂದ. "ಸಿಸ್ಟರ್, ನೂರಾರು ಮತ ಹೋಗುತ್ತೆ. ಎದುರಿನವನನ್ನ ಗೆಲ್ಲಿಸ್ತಿದ್ದೀರಿ ನೀವು. ಕೈ ಇಳಿಸಿ."

ಹಾಲ್ಕಂ ಜಾಣ. ನಡುಹಾದಿ ಬಿಟ್ಟು ಎಡಪಕ್ಕದ ಹಾದಿಗೆ ತಿರುಗಿದ. ಅಲ್ಲಿ ಸಿಸ್ಟರ್ ಒಜೆಲ್ಲಾ ನಿಂತಿದ್ದಳು. ಅವಳಿಗೆ ಚೀಟಿಯ ವಿಷಯ ಗೊತ್ತಿಲ್ಲ. ಹೆರಿಟೇಜ್ ಓಕ್ಸ್‌ನಲ್ಲಿ ನಡೆದದ್ದೂ ಗೊತ್ತಿಲ್ಲ. ಒಬ್ಬಳು ಅಂಗೈ ಎತ್ತಿದ ಮೇಲೆ ಇನ್ನೊಬ್ಬಳು ಕೈ ಕೆಳಗಿಡುವಂತಿಲ್ಲ, ಅಷ್ಟು ಗೊತ್ತು. ಎತ್ತಿದಳು. ಬಲಹಾದಿಯವಳೂ ಎತ್ತಿದಳು.

ಅವನು ಮತ್ತೆ ನನ್ನ ಮುಂದೆ ಬಂದು ನಿಂತ. ಗಡಿಯಾರ ನೋಡಿಕೊಂಡ. ಮೆಲ್ಲಗೆ, ಗಂಟಲಲ್ಲೇ ಓದಲು ಶುರುಮಾಡಿದ.

"ಕೇಳಿಸ್ತಿಲ್ಲ!" ಎಂದಿತು ಹಿಂದಿನ ಸಾಲು.

ಗಟ್ಟಿಯಾಗಿ ಓದಿದ. ಶಾಲೆ, ರಸ್ತೆ. "ಬೇರೆಯವರ ಒಳಚರಂಡಿಗಾಗಿ ನಿಮ್ಮ ತೆರಿಗೆ ಏರಲು..." ಅಲ್ಲಿಗೆ ನಿಂತ. ನಮ್ಮ ಚರ್ಚಿನಲ್ಲಿ ಯಾರು ಏನು ಹೇಳಿದರೂ ಆಮೆನ್ ಎನ್ನುವ ಜನ. ಒಬ್ಬರೂ ಆಮೆನ್ ಎನ್ನಲಿಲ್ಲ.

ಮೂರನೆಯ ಸಾಲಿನಲ್ಲಿ ಊರುಗೋಲು ನೆಲಕ್ಕೆ ತಾಗಿದ ಸದ್ದಾಯಿತು. ಅವ್ವ ಎದ್ದು ನಿಂತಿದ್ದಳು. ಹೂವಿನ ಉಡುಪು. ಕಾಲುಚೀಲ ಹಾಕಿರಲಿಲ್ಲ. ಹುಣ್ಣು ಎಲ್ಲರಿಗೂ ಕಾಣುತ್ತಿತ್ತು.

"ಬೇರೆಯವರು ಅಂದ್ರೆ ಯಾರಪ್ಪ?" ಎಂದು ಕೇಳಿದಳು. "ನನಗೆ ವಯಸ್ಸಾಯ್ತು, ಗೊತ್ತಾಗಲ್ಲ. ಕೈ ಮಾಡಿ ತೋರ್ಸು."

ಅವನು ಸಾಲುಗಳ ಮೇಲೆ ಕಣ್ಣಾಡಿಸಿದ. ಬೂಕರ್ ಓಣಿಯ ಮೂವತ್ತೆಂಟು ಮನೆಯೂ ಅಲ್ಲಿತ್ತು. ಕೈ ಮೇಲೇಳಲಿಲ್ಲ.

"ತೋರ್ಸಪ್ಪ. ನಾವೆಲ್ಲಿಗೂ ಹೋಗಲ್ವಂತೆ. ಕಾಯ್ತೀವಿ."

ನನ್ನ ಮಣಿಕಟ್ಟು ಉರಿಯುತ್ತಿತ್ತು. ರೆಕ್ಕೆ ಕತ್ತರಿಸಿ ಸತ್ತ ಕೈ ಅದು. ನಾನು ಇಳಿಸಲಿಲ್ಲ.